ಅಸ್ಸೇ ಟನ್ ಅಂದ್ರೆ ಟನ್ ಅಲ್ಲ: ಮೆಗಾಟನ್ ಅದಿರಿನ ಲೆಕ್ಕ ಹಾಕೋದು ಹೀಗೆ

ಅಕ್ಕನ ಮಗ ಮೈಸೂರಲ್ಲಿ ಭೂವಿಜ್ಞಾನ ಓದುತ್ತಿದ್ದಾನೆ. ಮೊನ್ನೆ ರಾತ್ರಿ ಹತ್ತೂವರೆಗೆ ಫೋನು. "ಮಾವ, ಎರಡೂವರೆ ಮೆಗಾಟನ್ ಅದಿರನ್ನ ಅಸ್ಸೇ ಟನ್‌ಗೆ ಬದಲಾಯಿಸಿ ಅಂತ ಕೊಟ್ಟವ್ರೆ. ಕ್ಯಾಲ್ಕುಲೇಟರ್ 8.57 ಆದ್ಮೇಲೆ ಇ10 ಅಂತ ತೋರಿಸ್ತೈತೆ. ಎಲ್ಲೋ ತಪ್ಪಿದೀನಿ." ತಪ್ಪಿರಲಿಲ್ಲ. ಹೆಸರಲ್ಲಿ ಟನ್ ಇದೆ ಅಂತ ಉತ್ತರ ಲಕ್ಷದ ಆಸುಪಾಸಿನಲ್ಲಿ ಬರುತ್ತೆ ಅಂದುಕೊಂಡಿದ್ದ, ಅಷ್ಟೇ.

ಅಸ್ಸೇ ಟನ್ ಎಷ್ಟು ಭಾರ ಗೊತ್ತಾ? 29.1667 ಗ್ರಾಂ. ಅಡುಗೆಮನೆ ತಕ್ಕಡಿಯ ಮೇಲೆ 29 ಗ್ರಾಂ ಮರಳು ಸುರಿದು ನೋಡಿ, ಅಂಗೈ ಗುಳಿಯೂ ಪೂರ್ತಿ ತುಂಬಲ್ಲ. ಹಳೇ ತೊಲದ ಲೆಕ್ಕದಲ್ಲಿ ಹೆಚ್ಚುಕಮ್ಮಿ ಎರಡೂವರೆ ತೊಲ. ಅಂದ್ರೆ ಇದು ಅದಿರಿನ ರಾಶಿ ಅಳೆಯೋ ತೂಕ ಅಲ್ಲ, ಚಿನ್ನ ಬೆಳ್ಳಿ ಎಷ್ಟಿದೆ ಅಂತ ಪರೀಕ್ಷೆ ಮಾಡೋರು ಕುಲುಮೆಗೆ ಹಾಕೋ ಸ್ಯಾಂಪಲ್‌ನ ತೂಕ.

ಈ ವಿಚಿತ್ರ ಸಂಖ್ಯೆ ಯಾಕೆ ಅಂತ ಕೇಳಬಹುದು. ಆಲೆಮನೆಯಲ್ಲಿ "ಟನ್ ಕಬ್ಬಿಗೆ ಎಷ್ಟು ಕೆಜಿ ಬೆಲ್ಲ" ಅಂತ ಕೇಳ್ತೀವಲ್ವಾ, ಹಾಗೇ ಚಿನ್ನದ ಗಣಿಯಲ್ಲಿ "ಟನ್ ಅದಿರಿಗೆ ಎಷ್ಟು ಔನ್ಸ್ ಚಿನ್ನ" ಅಂತ ಕೇಳುತ್ತಿದ್ದರು. ಔನ್ಸ್ ಅಂದ್ರೆ ಟ್ರಾಯ್ ಔನ್ಸ್, 31.1035 ಗ್ರಾಂ. 2,000 ಪೌಂಡಿನ ಶಾರ್ಟ್ ಟನ್‌ನಲ್ಲಿ ಇಂಥ 29,166.67 ಔನ್ಸ್ ಇವೆ. ಹಾಗಾದ್ರೆ 29,166.67 ಮಿಲಿಗ್ರಾಂ ಸ್ಯಾಂಪಲ್ ತಗೊಂಡ್ರೆ? ಅದರಲ್ಲಿ ಸಿಕ್ಕ ಚಿನ್ನದ ಒಂದೊಂದು ಮಿಲಿಗ್ರಾಂಗೂ ಟನ್‌ಗೆ ಒಂದೊಂದು ಔನ್ಸ್. ಗುಣಿಸೋದೂ ಇಲ್ಲ, ಭಾಗಿಸೋದೂ ಇಲ್ಲ. ಕ್ಯಾಲ್ಕುಲೇಟರ್ ಇಲ್ಲದ ಕಾಲದಲ್ಲಿ ಕುಲುಮೆ ಮುಂದೆ ಬೆವರು ಸುರಿಸುತ್ತಾ ನಿಂತವನಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ. ನನಗಂತೂ ಈ ಕಿಲಾಡಿತನ ತುಂಬಾ ಇಷ್ಟ.

ಈಗ ಲೆಕ್ಕ. ಮೊದಲು ಎಲ್ಲವನ್ನೂ ಮೆಟ್ರಿಕ್ ಟನ್‌ಗೆ ತನ್ನಿ. ಕಿಲೋಟನ್ ಅಂದ್ರೆ ಸಾವಿರ ಟನ್, ಮೆಗಾಟನ್ ಅಂದ್ರೆ ಹತ್ತು ಲಕ್ಷ, ಗಿಗಾಟನ್ ಅಂದ್ರೆ ನೂರು ಕೋಟಿ. ಕೆಲವು ಕಡೆ ಗ್ರಾಂ ಹಿಡಿದು ಬರೆದಿರುತ್ತಾರೆ, ಅದು ನೋಡೋಕೆ ಬೇರೆ ಥರ ಇರುತ್ತೆ ಅಷ್ಟೇ: ಮೆಗಾಗ್ರಾಂ ಅಂದ್ರೆ ಒಂದು ಟನ್, ಗಿಗಾಗ್ರಾಂ ಸಾವಿರ ಟನ್, ಟೆರಾಗ್ರಾಂ ಹತ್ತು ಲಕ್ಷ ಟನ್. ಮೆಗಾಗ್ರಾಂ ನೋಡಿ ಮೆಗಾಟನ್ ಅಂದುಕೊಂಡ್ರೆ ಹತ್ತು ಲಕ್ಷ ಪಟ್ಟು ಎಡವಟ್ಟು.

ಟನ್ ಸಿಕ್ಕ ಮೇಲೆ 34,285.714ರಿಂದ ಗುಣಿಸಿ. ಹತ್ತು ಲಕ್ಷ ಗ್ರಾಮನ್ನು 29.1667ರಿಂದ ಭಾಗಿಸಿದ್ರೆ ಬರೋದೇ ಇದು. ದಶಾಂಶ ನೆನಪಿರಲ್ಲ ಅನ್ನೋರು 2,40,000ದಿಂದ ಗುಣಿಸಿ 7ರಿಂದ ಭಾಗಿಸಿ, ಅದೇ ಉತ್ತರ. ನಮ್ಮ ಹುಡುಗನ ಎರಡೂವರೆ ಮೆಗಾಟನ್ ಅಂದ್ರೆ 25 ಲಕ್ಷ ಟನ್. ಗುಣಿಸಿದ್ರೆ ಸುಮಾರು 8,571 ಕೋಟಿ ಅಸ್ಸೇ ಟನ್. ಅವನ ಫೋನಿನ ಇ10 ಅಂದ್ರೆ 8.57ರ ಚುಕ್ಕಿಯನ್ನು ಹತ್ತು ಮನೆ ಬಲಕ್ಕೆ ಸರಿಸು ಅಂತ. ಕೋಟಿಗೆ ಏಳು ಸೊನ್ನೆ ಹೋದ್ರೆ ಉಳಿಯೋದು ಮೂರು ಮನೆ.

ಒಂದು ಗುಂಡಿ ಇದೆ, ಹುಷಾರು. ಬ್ರಿಟಿಷರ ಟನ್ 2,240 ಪೌಂಡಿನದು, ಲಾಂಗ್ ಟನ್. ಅದರ ಅಸ್ಸೇ ಟನ್ 32.6667 ಗ್ರಾಂ. ಆಗ 34,285.714 ನಡೆಯಲ್ಲ, 30,612.245 ಬೇಕು. ಅದೇ ರಾಶಿ 7,653 ಕೋಟಿಗೆ ಇಳಿಯುತ್ತೆ. ಹಳೇ ಗಣಿ ಕಾಗದ ಓದೋರು ಇಲ್ಲೇ ಎಡವೋದು. ನಮ್ಮ ಮಂಡ್ಯ ಜಿಲ್ಲೆ ಶಿವನಸಮುದ್ರದ ಕರೆಂಟು 1902ರಲ್ಲಿ ಮೊದಲು ಹೋಗಿದ್ದೇ ಕೋಲಾರದ ಚಿನ್ನದ ಗಣಿಗೆ. ಗಣಿ ನಡೆಸುತ್ತಿದ್ದವರು ಬ್ರಿಟಿಷರು. ಆ ಕಾಲದ ಲೆಕ್ಕಗಳಲ್ಲಿ ಪೆನ್ನಿವೇಟ್ ಅಂತಲೂ ಕಾಣಬಹುದು, 20 ಸೇರಿದ್ರೆ ಒಂದು ಟ್ರಾಯ್ ಔನ್ಸ್. ಯಾವ ಟನ್ ಅಂತ ಬರೆದಿಲ್ಲ ಅಂದ್ರೆ ಸುಮ್ನೆ ಊಹೆ ಮಾಡಬೇಡಿ, ಎರಡೂ ಉತ್ತರ ಬರೆದಿಡಿ.

ನಿಜ ಹೇಳಬೇಕಂದ್ರೆ ಇಡೀ ಗುಡ್ಡವನ್ನ ಅಸ್ಸೇ ಟನ್‌ನಲ್ಲಿ ಹೇಳೋದು ಕಬ್ಬಿನ ಲಾರಿಯನ್ನ ಚಮಚದಲ್ಲಿ ಅಳೆದಂಗೆ. ಕಾಲೇಜಿನ ಪರೀಕ್ಷೆಗೆ ಸರಿ, ಕೆಲಸಕ್ಕೆ ಬರಲ್ಲ. ಕೆಲಸಕ್ಕೆ ಬರೋದು ಇನ್ನೊಂದು: ಒಂದು ಅಸ್ಸೇ ಟನ್ ಪುಡಿಯಲ್ಲಿ 0.2 ಮಿಲಿಗ್ರಾಂ ಚಿನ್ನದ ಮಣಿ ಸಿಕ್ತು ಅನ್ನಿ, ಸಾಸಿವೆ ಕಾಳಿಗಿಂತ ಎಷ್ಟೋ ಚಿಕ್ಕದು. ಶಾರ್ಟ್ ಟನ್‌ಗೆ 0.2 ಔನ್ಸ್ ಆಯ್ತು. 34.2857ರಿಂದ ಗುಣಿಸಿದ್ರೆ ಮೆಟ್ರಿಕ್ ಟನ್‌ಗೆ 6.857 ಗ್ರಾಂ. ರಾಶಿಯೆಲ್ಲಾ ಹಾಗೇ ಇದ್ದರೆ 25 ಲಕ್ಷ ಟನ್‌ನಲ್ಲಿ ಸುಮಾರು 17 ಟನ್ ಚಿನ್ನ. ಸ್ಯಾಂಪಲ್ ಅರ್ಧ ಅಸ್ಸೇ ಟನ್ ಆಗಿದ್ರೆ ಮಣಿಯ ತೂಕವನ್ನ ಮೊದಲು ಎರಡರಿಂದ ಗುಣಿಸೋದು ಮರೀಬೇಡಿ.

ಮಂಡ್ಯದ ಮರಳಗಾಲದ 1,600 ಟನ್ ಲಿಥಿಯಂ ಸುದ್ದಿ ಓದಿ ಅದನ್ನೂ ಬದಲಾಯಿಸೋಣ ಅಂತ ಹುಡುಗ ಕೂತಿದ್ದ. ಬರುತ್ತೆ, ಸುಮಾರು 5.49 ಕೋಟಿ. ಆದ್ರೆ ಅಸ್ಸೇ ಟನ್ ಚಿನ್ನ ಬೆಳ್ಳಿಯಂಥವುಗಳ ಮಾತು, ಲಿಥಿಯಂಗೆ ಯಾರೂ ಹಾಗೆ ಹೇಳಲ್ಲ.

ಉತ್ತರ ಬಂದ ಮೇಲೆ ಒಮ್ಮೆ ತಿರುಗಿಸಿ ನೋಡಿ. 8,571 ಕೋಟಿಯನ್ನ 29.1667ರಿಂದ ಗುಣಿಸಿದ್ರೆ ಎರಡೂವರೆ ಲಕ್ಷ ಕೋಟಿ ಗ್ರಾಂ ಬರಬೇಕು, ಹತ್ತು ಲಕ್ಷದಿಂದ ಭಾಗಿಸಿದ್ರೆ ಮತ್ತೆ 25 ಲಕ್ಷ ಟನ್. ಬರಲಿಲ್ಲ ಅಂದ್ರೆ ಎಲ್ಲೋ ಒಂದು ಸೊನ್ನೆ ಜಾಸ್ತಿ ಬಿದ್ದಿದೆ.