ಡಿಸೆಂಬರ್ ಬಂತು: ಶಿವಮೊಗ್ಗಕ್ಕೆ ಹೊಸದಾಗಿ ಬಂದ ಮನೆಯವರಿಗೆ ಸಂಘದ ಮಾರ್ಗದರ್ಶಿ

ವರ್ಗಾವಣೆ ಮೇಲೆ ಬಂದವರಿರಲಿ, ಬೆಂಗಳೂರು ಸಾಕೆಂದು ಇತ್ತ ಬಂದವರಿರಲಿ, ನವೆಂಬರ್ ಕೊನೆಗೆ ಸಂಘದಲ್ಲಿ ಕೇಳುವ ಮಾತು ಒಂದೇ. "ಶಾಲೆಯ ಗ್ರೂಪಿನಲ್ಲಿ ದಿನಕ್ಕೊಂದು ಮೆಸೇಜ್ ಬರ್ತಿದೆ. ಒಂದು ದಿನ ಡ್ಯಾನ್ಸ್ ಡ್ರೆಸ್, ಇನ್ನೊಂದು ದಿನ ಬಿಳಿ ಶೂ, ಮತ್ತೊಂದು ದಿನ ಪ್ರವಾಸದ ದುಡ್ಡು. ಹೇಗೆ ನಿಭಾಯಿಸ್ತೀರಿ ನೀವೆಲ್ಲ?" ಅದಕ್ಕೇ ಈ ಬರಹ.

ಮೊದಲು ಒಂದು ವಿಷಯ ತಿಳಿದುಕೊಳ್ಳಿ. ಡಿಸೆಂಬರ್ ಎಂದರೆ ವರ್ಷದ ಕೊನೆ, ಸ್ವಲ್ಪ ಬಿಡುವು ಎಂಬ ಲೆಕ್ಕ ಮಲೆನಾಡಿನಲ್ಲಿ ನಡೆಯುವುದಿಲ್ಲ. ಇದು ಅಡಿಕೆ ಕೊಯ್ಲಿನ ತಿಂಗಳು. ಗದ್ದೆ ಇದ್ದವರಿಗೆ ಭತ್ತದ ಕೆಲಸವೂ ಇದೇ ಹೊತ್ತಿಗೆ. ಹಳ್ಳಿಗಳಲ್ಲಿ ಹಗಲು ಅಡಿಕೆಯ ಕೊನೆ, ಅಂದರೆ ಗೊಂಚಲು, ಇಳಿಸುತ್ತಾರೆ, ಸಂಜೆಯಾದರೆ ಸಿಪ್ಪೆ ಸುಲಿತ ಶುರು. ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕೂತವರು ಏಳುವ ಹೊತ್ತಿಗೆ ರಾತ್ರಿ ಆಗಿರುತ್ತದೆ. ನಿಮಗೆ ತೋಟ ಇಲ್ಲದಿರಬಹುದು. ಆದರೆ ಮನೆಗೆಲಸಕ್ಕೆ ಬರುವ ಅಕ್ಕ ಸುಲಿತಕ್ಕೆ ಹೋಗಬೇಕು ಎಂದು ರಜೆ ಕೇಳಬಹುದು. ಸುಲಿದಷ್ಟಕ್ಕೆ ಕೂಲಿ ಸಿಗುವ ಕೆಲಸ ಅದು, ಹಾಗಾಗಿ ಬೇಡ ಎನ್ನಬೇಡಿ. ನಿಮ್ಮ ಮಗನ ಗೆಳೆಯನ ಅಜ್ಜ ಅಜ್ಜಿ ಸ್ಕೂಲ್ ಡೇಗೆ ಬರದಿದ್ದರೆ ಅದಕ್ಕೂ ಕಾರಣ ಇದೇ. ಬೇಯಿಸಿದ ಅಡಿಕೆ ಬಿಸಿಲಿಗೆ ಹರಡಿದ್ದಾಗ ಮೋಡ ಮುಚ್ಚಿದರೆ ಮನೆಮಂದಿಯೆಲ್ಲ ಅದರ ಹಿಂದೆಯೇ ಓಡಬೇಕಾಗುತ್ತದೆ.

ಗೆಳೆಯರ ಮನೆಗೆ ಕೊಯ್ಲು ನೋಡಲು ಮಕ್ಕಳನ್ನು ಕರೆದುಕೊಂಡು ಹೋಗಿ, ಖಂಡಿತ ಹೋಗಿ. ಕ್ರೀಡಾಕೂಟದ ಬಿಳಿ ಬಟ್ಟೆಯಲ್ಲಿ ಮಾತ್ರ ಬೇಡ. ಅಡಿಕೆ ಬೇಯಿಸಿದ ಚೊಗರು ಒಮ್ಮೆ ಬಟ್ಟೆಗೆ ಹತ್ತಿತೆಂದರೆ ಯಾವ ಸೋಪಿಗೂ ಬಗ್ಗುವುದಿಲ್ಲ.

ಸ್ಕೂಲ್ ಡೇ

ತಿಂಗಳ ದೊಡ್ಡ ತಲೆನೋವೂ ಇದೇ, ದೊಡ್ಡ ಸಂಭ್ರಮವೂ ಇದೇ. ಕೆಲವು ಶಾಲೆಗಳು ತಮ್ಮ ಮೈದಾನದಲ್ಲೇ ಶಾಮಿಯಾನ ಹಾಕಿಸುತ್ತವೆ. ಕೆಲವು ಕುವೆಂಪು ರಂಗಮಂದಿರವನ್ನೋ ಕಲ್ಯಾಣ ಮಂಟಪವನ್ನೋ ಹಿಡಿಯುತ್ತವೆ. ಡಿಸೆಂಬರ್ 16ರ ಸುಮಾರಿಗೆ ಧನುರ್ಮಾಸ ಶುರುವಾಗುತ್ತದೆ. ಆಮೇಲೆ ಸಂಕ್ರಾಂತಿವರೆಗೆ ಮದುವೆಗಳು ನಿಲ್ಲುತ್ತವೆ. ಹಾಗಾಗಿ ಮೊದಲ ಎರಡು ವಾರ ಮಂಟಪಗಳಲ್ಲಿ ಮದುವೆಯವರದ್ದೇ ಕಾರುಬಾರು, ಮಂಟಪ ಬೇಕಾದ ಶಾಲೆಗೆ ದಿನಾಂಕ ಸಿಗುವುದು ಹೆಚ್ಚಾಗಿ ಅದರ ಆಚೆಗೆ. ದಿನಾಂಕ ಬದಲಾಯಿತು ಎಂದು ಮೆಸೇಜ್ ಬಂದರೆ ಶಾಲೆಯವರ ಮೇಲೆ ಸಿಟ್ಟಾಗಬೇಡಿ.

ಆಮಂತ್ರಣದಲ್ಲಿ ಸಂಜೆ 5 ಗಂಟೆ ಎಂದಿರುತ್ತದೆ. ಮಕ್ಕಳನ್ನು 3 ಗಂಟೆಗೇ ಕರೆಸುತ್ತಾರೆ. ಮೇಕಪ್ ಮಾಡುವವರು ಒಬ್ಬರೋ ಇಬ್ಬರೋ, ಬಣ್ಣ ಹಚ್ಚಿಸಿಕೊಳ್ಳಬೇಕಾದ ಮುಖಗಳು ನೂರಾರು. ಮೊದಲು ಬಣ್ಣ ಬೀಳುವುದು ಎಲ್‌ಕೆಜಿ ಮಕ್ಕಳಿಗೆ, ಯಾಕೆಂದರೆ ಮೊದಲ ನೃತ್ಯ ಅವರದ್ದು. ಅಷ್ಟರಲ್ಲಿ ಅತಿಥಿಗಳ ಕಾರು ತಡವಾಗುತ್ತದೆ. ಬಂದ ಮೇಲೆ ಪ್ರಾರ್ಥನೆ, ನಾಡಗೀತೆ, ಸ್ವಾಗತ, ದೀಪ ಬೆಳಗುವುದು, ವರದಿ ವಾಚನ, ಬಹುಮಾನ, ಮುಖ್ಯ ಅತಿಥಿಗಳ ಮಾತು, ಅಧ್ಯಕ್ಷರ ಮಾತು. ಪರದೆಯ ಹಿಂದೆ ನವಿಲಿನ ವೇಷದ ಮಗು ರೆಕ್ಕೆ ಸಮೇತ ಟೀಚರ್ ತೊಡೆಯ ಮೇಲೆ ನಿದ್ದೆ ಹೋಗಿರುತ್ತದೆ. ಲಿಪ್‌ಸ್ಟಿಕ್ ಕೆನ್ನೆಗೆ ಬಂದಿರುತ್ತದೆ. ಹಾಡು ಶುರುವಾದಾಗ ಎಬ್ಬಿಸಿ ತಳ್ಳಿದರೆ ಅದು ವೇದಿಕೆ ಮೇಲೆ ನಿಂತು ಅಮ್ಮ ಎಲ್ಲಿ ಎಂದು ಹುಡುಕುತ್ತದೆ, ಕುಣಿಯುವುದಿಲ್ಲ. ಇದು ಪ್ರತಿವರ್ಷ ಯಾರದಾದರೂ ಮನೆಯಲ್ಲಿ ಆಗುವುದೇ. ಭಾಷಣಗಳನ್ನು ಅರ್ಧಕ್ಕೆ ಇಳಿಸಿ ಎಂದು ಪೋಷಕರ ಸಭೆಯಲ್ಲಿ ನಾವು ಹೇಳುತ್ತಲೇ ಇದ್ದೇವೆ. ನೀವೂ ಹೇಳಿ, ದನಿ ಸೇರಲಿ.

ನಿಮ್ಮ ಕೈಯಲ್ಲಿ ಇರುವುದನ್ನು ಮಾತ್ರ ಮಾಡಿಕೊಳ್ಳಿ. ಚಿಕ್ಕ ಮಗುವಿಗೆ ಅವತ್ತು ಮಧ್ಯಾಹ್ನ ಒಂದು ಗಂಟೆಯಾದರೂ ನಿದ್ದೆ ಮಾಡಿಸಿ. ಡಬ್ಬಿಗೆ ಸಾರು, ಸಾಂಬಾರು ಬೇಡ. ಒಣ ಚಪಾತಿ ಸುರುಳಿ, ಬಾಳೆಹಣ್ಣು, ಬಿಸ್ಕತ್ತು ಸಾಕು. ಬಾಡಿಗೆ ಡ್ರೆಸ್ ಮೇಲೆ ಕಲೆಯಾದರೆ ಡಿಪಾಸಿಟ್ ಹೋಯಿತೆಂದೇ ಲೆಕ್ಕ. ಒಂದು ಡಜನ್ ಸೇಫ್ಟಿ ಪಿನ್, ಸೂಜಿ ದಾರ, ಕೊಬ್ಬರಿ ಎಣ್ಣೆ, ಹಳೆ ಕಾಟನ್ ಬಟ್ಟೆ ಚೀಲದಲ್ಲಿರಲಿ. ಎಣ್ಣೆ ಬೇಕಾಗುವುದು ಬಣ್ಣ ತೆಗೆಯುವುದಕ್ಕೆ. ನೀರು ಹಾಕಿ ತಿಕ್ಕಿದರೆ ಚರ್ಮ ಕೆಂಪಾಗುತ್ತದೆಯೇ ಹೊರತು ಬಣ್ಣ ಹೋಗುವುದಿಲ್ಲ. ಮುಖ್ಯವಾಗಿ ಸ್ವೆಟರ್, ಟೋಪಿ ಮರೆಯಬೇಡಿ. ಹಗಲು ಬಿಸಿಲು ಚುರುಗುಟ್ಟುತ್ತದೆ, ರಾತ್ರಿ ಎಂಟಾದರೆ ಮೈದಾನದ ಕುರ್ಚಿಗಳ ಮೇಲೆ ಇಬ್ಬನಿ ಕೂತಿರುತ್ತದೆ. ತೀರ್ಥಹಳ್ಳಿ, ಹೊಸನಗರ, ಆಗುಂಬೆ ಕಡೆ ಚಳಿ ಇನ್ನೂ ಜಾಸ್ತಿ.

ಬೇರೆ ರಾಜ್ಯದಿಂದ ಬಂದ ಮಕ್ಕಳಿಗೆ ನಾಡಗೀತೆಯನ್ನು ಮನೆಯಲ್ಲೇ ರೂಢಿ ಮಾಡಿಸಿ. ಕುವೆಂಪು ಬರೆದ ಈ ಗೀತೆಯನ್ನು ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ, 2 ನಿಮಿಷ 30 ಸೆಕೆಂಡಿನೊಳಗೆ ಹಾಡಬೇಕೆಂದು 2022ರಲ್ಲಿ ಸರ್ಕಾರ ಗೊತ್ತು ಮಾಡಿದೆ. ಹಾಡುವಾಗ ಎಲ್ಲರೂ ಎದ್ದು ನಿಲ್ಲುತ್ತಾರೆ.

ಡ್ರೆಸ್ ಬಾಡಿಗೆ ಅಂಗಡಿಗಳಲ್ಲಿ ಈ ತಿಂಗಳು ಕೃಷ್ಣನ ಕಿರೀಟಕ್ಕೂ ಕ್ಯೂ. ಹದಿನೈದು ದಿನ ಮೊದಲೇ ಹೇಳಿಡಿ. ಸಂಘದಲ್ಲಿ ಒಂದು ಟ್ರಂಕ್ ತುಂಬ ಹಳೆಯ ವೇಷಭೂಷಣಗಳಿವೆ: ಕಚ್ಚೆ, ಗೆಜ್ಜೆ, ಕೊಡವರ ಕುಪ್ಪಸ, ಒಂದೆರಡು ಓಬವ್ವನ ಒನಕೆ. ದುಡ್ಡಿಲ್ಲ. ಒಗೆದು ವಾಪಸ್ ಕೊಟ್ಟರೆ ಸಾಕು.

ಆಟೋಟ

ಶಾಲಾ ಕ್ರೀಡಾಕೂಟ ಬೆಳಿಗ್ಗೆ ಬೇಗ ಶುರು. ಪಥಸಂಚಲನ, ಕ್ರೀಡಾಜ್ಯೋತಿ, ಆಮೇಲೆ ಓಟ, ಖೋ ಖೋ, ಕಬಡ್ಡಿ, ಥ್ರೋಬಾಲ್. ಸಣ್ಣವರಿಗೆ ನಿಂಬೆಹಣ್ಣು ಚಮಚ, ಗೋಣಿಚೀಲದ ಓಟ. ಕೊನೆಗೆ ಪೋಷಕರಿಗೂ ಒಂದು ಓಟ ಇಡುತ್ತಾರೆ. ಚಪ್ಪಲಿ ಹಾಕಿಕೊಂಡು ಓಡಬೇಡಿ. ಆಟ ನೆಹರು ಸ್ಟೇಡಿಯಂನಲ್ಲಿ ಇದ್ದರೆ ಗಾಡಿ ನಿಲ್ಲಿಸಲು ಜಾಗ ಸಿಗುವುದು ಕಷ್ಟ, ಆಟೋದಲ್ಲಿ ಹೋಗಿ.

ಹೊಸಬರಿಗೆ ಅಚ್ಚರಿ ಆಗುವುದು ಊರ ಪಂದ್ಯಗಳು. ಕೊಯ್ಲಾದ ಗದ್ದೆಯನ್ನು ಸಮ ಮಾಡಿ ಟೆನಿಸ್ ಬಾಲ್ ಕ್ರಿಕೆಟ್, ರಾತ್ರಿ ಹೊನಲು ಬೆಳಕಿನ ಕಬಡ್ಡಿ, ವಾಲಿಬಾಲ್. ಹುಡುಗರು ರಸೀದಿ ಪುಸ್ತಕ ಹಿಡಿದು ಮನೆಗೆ ಬರುತ್ತಾರೆ. ಕೊಡಬೇಕೆಂದೇನೂ ಇಲ್ಲ, ಕೊಟ್ಟರೆ ಪರಿಚಯ ಬೆಳೆಯುತ್ತದೆ. ಮಗನಿಗೆ ಕ್ರಿಕೆಟ್ ಹುಚ್ಚಿದ್ದರೆ ಜಿ. ಆರ್. ವಿಶ್ವನಾಥ್ ಹುಟ್ಟಿದ್ದು ಪಕ್ಕದ ಭದ್ರಾವತಿಯಲ್ಲಿ ಎಂದು ಹೇಳಿ. ಅಷ್ಟು ಸಾಕು, ಬ್ಯಾಟ್ ಕೆಳಗಿಡುವುದಿಲ್ಲ.

ಇನ್ನೊಂದು ಸಣ್ಣ ಮಾತು. ನವೆಂಬರ್ ನಡುವಿನಿಂದ ಡಿಸೆಂಬರ್ ಕೊನೆಯವರೆಗೆ ಅಯ್ಯಪ್ಪ ಮಾಲೆ ಹಾಕಿದವರು ಎಲ್ಲೆಡೆ ಕಾಣುತ್ತಾರೆ. ಶಾಲಾ ವ್ಯಾನಿನ ಡ್ರೈವರೂ ಅವರಲ್ಲಿ ಒಬ್ಬರಾಗಿರಬಹುದು. ಅವರು ಇರುಮುಡಿ ಕಟ್ಟಿ ಶಬರಿಮಲೆಗೆ ಹೊರಡುವ ದಿನ ಯಾವುದು, ಬದಲಿಗೆ ಯಾರು ಬರುತ್ತಾರೆ ಎಂದು ಮೊದಲೇ ಕೇಳಿಟ್ಟುಕೊಳ್ಳಿ. ಮಾಲೆ ಹಾಕಿದವರನ್ನು "ಸ್ವಾಮಿ" ಎಂದೇ ಕರೆಯುವುದು ರೂಢಿ.

ರಜೆಯ ಲೆಕ್ಕ

ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ದೊಡ್ಡ ರಜೆ ಸಿಗುವುದು ದಸರಾಕ್ಕೆ. ಕ್ರಿಸ್‌ಮಸ್‌ಗೆ 25ನೇ ತಾರೀಕು ಒಂದೇ ದಿನ. ಕ್ರೈಸ್ತ ಆಡಳಿತದ ಕೆಲವು ಶಾಲೆಗಳು ದಸರಾ ರಜೆ ಕಡಿಮೆ ಮಾಡಿಕೊಂಡು ಕ್ರಿಸ್‌ಮಸ್‌ಗೆ ಕೊಡುತ್ತವೆ. ಸಿಬಿಎಸ್‌ಇ ಶಾಲೆಗಳ ಕ್ಯಾಲೆಂಡರ್ ಬೇರೆಯೇ. ಇಬ್ಬರು ಮಕ್ಕಳು ಎರಡು ಶಾಲೆಯಲ್ಲಿದ್ದರೆ ಒಬ್ಬಳಿಗೆ ರಜೆ, ಇನ್ನೊಬ್ಬನಿಗೆ ಪರೀಕ್ಷೆ ಎನ್ನುವ ಪರಿಸ್ಥಿತಿ ಬರುತ್ತದೆ. ಎರಡೂ ಡೈರಿ ನೋಡದೆ ಟಿಕೆಟ್ ಮಾಡಿಸಬೇಡಿ. ರೈಲಿನಲ್ಲಿ 60 ದಿನ ಮೊದಲು ಬುಕಿಂಗ್ ತೆರೆಯುತ್ತದೆ. ವರ್ಷದ ಕೊನೆಗೆ ಬೆಂಗಳೂರಿಗೆ ಹೋಗಿಬರುವುದಿದ್ದರೆ ಅಕ್ಟೋಬರ್ ಕೊನೆಯಲ್ಲೇ ಕೂತು ಮಾಡಿ. ಇಲ್ಲದಿದ್ದರೆ ಖಾಸಗಿ ಬಸ್ಸಿನವರು ಕೇಳಿದಷ್ಟು ಕೊಡಬೇಕು.

ಹಬ್ಬ, ಜಾತ್ರೆ, ಗೋದಲಿ

ಸುಬ್ರಹ್ಮಣ್ಯ ಷಷ್ಠಿ, ಹನುಮ ಜಯಂತಿ, ದತ್ತ ಜಯಂತಿ ಎಲ್ಲ ಮಾರ್ಗಶಿರದಲ್ಲೇ ಬರುತ್ತವೆ. ದಿನಾಂಕ ವರ್ಷ ವರ್ಷ ಬದಲಾಗುತ್ತದೆ, ಪಂಚಾಂಗ ನೋಡಿ. ದತ್ತ ಜಯಂತಿಯ ಆಸುಪಾಸು ಚಿಕ್ಕಮಗಳೂರಿನ ಗಿರಿ ಭಾಗಕ್ಕೆ ಪ್ರವಾಸಿಗರನ್ನು ಬಿಡುವುದಿಲ್ಲ. ಆ ದಿನಗಳಲ್ಲಿ ಮುಳ್ಳಯ್ಯನಗಿರಿ ಎಂದು ಮಕ್ಕಳಿಗೆ ಆಸೆ ತೋರಿಸಬೇಡಿ.

ಒಂದೇ ಒಂದು ಜಾತ್ರೆಗೆ ಹೋಗುವಷ್ಟು ಪುರುಸೊತ್ತಿದ್ದರೆ ನಮ್ಮ ಓಟು ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಗೆ. ಡಿಸೆಂಬರ್ ದ್ವಿತೀಯಾರ್ಧದಲ್ಲೋ ಜನವರಿ ಮೊದಲಲ್ಲೋ ಬರುತ್ತದೆ. ತುಂಗೆಯ ರಾಮತೀರ್ಥದಲ್ಲಿ ಮೀಯುವುದು ಮೊದಲ ದಿನ, ಆಮೇಲೆ ರಾಮೇಶ್ವರನ ತೇರು, ಕೊನೆಗೆ ರಾತ್ರಿ ತೆಪ್ಪೋತ್ಸವ. ಪರಶುರಾಮನ ಕೊಡಲಿಯ ರಕ್ತ ತೊಳೆದುಹೋದದ್ದು ಇಲ್ಲೇ ಎಂಬ ಕಥೆಯನ್ನು ಮಕ್ಕಳು ಬಾಯಿ ಬಿಟ್ಟು ಕೇಳುತ್ತಾರೆ. ಮಕ್ಕಳಿದ್ದರೆ ತೆಪ್ಪೋತ್ಸವಕ್ಕೆ ಹೋಗಿ: ಹೊಳೆಯಲ್ಲಿ ದೀಪ, ಮೇಲೆ ಪಟಾಕಿ, ದಡದಲ್ಲಿ ಮಿಠಾಯಿ ಅಂಗಡಿ. ಜನ ಜಾಸ್ತಿ. ಸಣ್ಣವರ ಜೇಬಿನಲ್ಲಿ ನಿಮ್ಮ ಫೋನ್ ನಂಬರ್ ಬರೆದ ಚೀಟಿ ಇಡಿ, ಹೊಳೆಯ ಬಂಡೆಗಳ ಮೇಲೆ ಬಿಡಬೇಡಿ.

ದೀಪಾವಳಿ ಆಚೆಗೆ ಯಕ್ಷಗಾನ ಮೇಳಗಳೂ ತಿರುಗಾಟಕ್ಕೆ ಹೊರಟಿರುತ್ತವೆ. ಹರಕೆ ಹೊತ್ತವರು ಆಡಿಸುವ ಯಕ್ಷಗಾನಕ್ಕೆ, ಅಂದರೆ ಹರಕೆ ಆಟಕ್ಕೆ, ಟಿಕೆಟ್ ಇರುವುದಿಲ್ಲ, ಕರೆಯದಿದ್ದರೂ ಹೋಗಬಹುದು. ಬೆಳಗಿನವರೆಗೆ ಕೂರಬೇಕೆಂದಿಲ್ಲ. ಕಂಬಳಿ ತೆಗೆದುಕೊಂಡು ಹೋಗಿ ರಾಕ್ಷಸನ ಬಣ್ಣದ ವೇಷ ಬರುವವರೆಗೆ ನೋಡಿ ಬನ್ನಿ.

ಕ್ರಿಸ್‌ಮಸ್‌ಗೆ ಬಿ.ಎಚ್. ರಸ್ತೆಯ ಸೇಕ್ರೆಡ್ ಹಾರ್ಟ್ ಚರ್ಚಿಗೆ ಊರಿನವರೆಲ್ಲ ಹೋಗುತ್ತಾರೆ. ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯಾದ ಗೋದಲಿ ನೋಡುವುದು, ಫೋಟೊ ತೆಗೆಸಿಕೊಳ್ಳುವುದು, ಹೊರಗೆ ಚುರುಮುರಿ ತಿನ್ನುವುದು. 24ರ ರಾತ್ರಿ ಪೂಜೆ ಇರುತ್ತದೆ. ಆ ಹೊತ್ತಿನಲ್ಲಿ ಒಳಗೆ ಫೋಟೊಕ್ಕೆ ಓಡಾಡುವುದು ಸರಿಯಲ್ಲ, 25ರ ಸಂಜೆ ಹೋಗುವುದು ಒಳ್ಳೆಯದು. ಪಕ್ಕದ ಮನೆಯ ಕೊಂಕಣಿ ಕ್ರೈಸ್ತರು ತಟ್ಟೆ ತುಂಬ ಕುಸ್ವಾರ್, ಅಂದರೆ ಕ್ರಿಸ್‌ಮಸ್ ತಿಂಡಿ, ಕಳಿಸುತ್ತಾರೆ. ಅದರಲ್ಲಿ ಕಿಡಿಯೊ, ನೆವ್ರಿ, ಕೇಕು ಎಲ್ಲ ಇರುತ್ತದೆ. ಖಾಲಿ ತಟ್ಟೆ ವಾಪಸ್ ಕೊಡಬೇಡಿ. ಒಂದು ಹಿಡಿ ಸಕ್ಕರೆಯಾದರೂ ಹಾಕಿ.

29ಕ್ಕೆ ಕುವೆಂಪು ಜನ್ಮದಿನ. 1904ರಲ್ಲಿ ಹುಟ್ಟಿದವರು. ಈ ದಿನವನ್ನು ವಿಶ್ವಮಾನವ ದಿನ ಎಂದು ಆಚರಿಸುತ್ತಾರೆ, ಶಾಲೆಗಳಲ್ಲಿ ಭಾಷಣ, ಗೀತಗಾಯನ ಇರುತ್ತದೆ. ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಅವರು ಬೆಳೆದ ಕುಪ್ಪಳಿಯಲ್ಲಿ ಅವತ್ತು ಕಾರ್ಯಕ್ರಮ, ಜನ, ವಾಹನ ಎಲ್ಲ ಜಾಸ್ತಿ. ಕವಿಮನೆಯ ತೊಟ್ಟಿಯನ್ನು, ಬಾಣಂತಿ ಕೋಣೆಯನ್ನು ಸಾವಕಾಶವಾಗಿ ನೋಡಿ, ಕವಿಶೈಲದಲ್ಲಿ ಸ್ವಲ್ಪ ಹೊತ್ತು ಕೂರಬೇಕೆಂದರೆ ಬೇರೆ ದಿನ ಹೋಗಿ.

ಕಾಡಿಗೆ ಹೋಗುವ ಮುನ್ನ

ಇದನ್ನು ಮಾತ್ರ ದಯವಿಟ್ಟು ಓದದೆ ದಾಟಬೇಡಿ. ಮಂಗನ ಕಾಯಿಲೆಯ ಕಾಲ ಶುರುವಾಗುವುದೂ ಇದೇ ಡಿಸೆಂಬರಿನ ಹೊತ್ತಿಗೆ. ಬೇಸಿಗೆ ಮುಗಿಯುವವರೆಗೂ ಇರುತ್ತದೆ. 1957ರಲ್ಲಿ ಮೊದಲು ಪತ್ತೆಯಾದದ್ದು ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಹಾಗಾಗಿಯೇ ಕೆಎಫ್‌ಡಿ, ಅಂದರೆ ಕ್ಯಾಸನೂರು ಫಾರೆಸ್ಟ್ ಡಿಸೀಸ್, ಎಂಬ ಹೆಸರು. ಹರಡುವುದು ಉಣುಗಿನಿಂದ, ಅಂದರೆ ರಕ್ತ ಹೀರುವ ಉಣ್ಣಿ ಹುಳದಿಂದ. ಸಾಸಿವೆಗಿಂತ ಸಣ್ಣ ಮರಿ ಉಣುಗುಗಳು ಕಾಡಿನ ದರಗಿನಲ್ಲಿ, ಅಂದರೆ ಉದುರಿದ ಒಣ ಎಲೆಗಳಲ್ಲಿ, ಇರುತ್ತವೆ, ಕಚ್ಚಿದ್ದೂ ಗೊತ್ತಾಗುವುದಿಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ, ಹೆದರಿ ಮನೆಯಲ್ಲಿ ಕೂರಬೇಕಿಲ್ಲ.

ಆದರೆ ಗೋದಲಿಗೆ ಪಾಚಿ ಬೇಕು, ಪ್ರಾಜೆಕ್ಟ್‌ಗೆ ಎಲೆ ಬೇಕು ಎಂದು ಮಕ್ಕಳು ಕಾಡಿನಂಚಿಗೆ ನುಗ್ಗುವುದು ಈ ತಿಂಗಳಲ್ಲೇ. ಸಾಗರ, ತೀರ್ಥಹಳ್ಳಿ, ಹೊಸನಗರ, ಸೊರಬದ ಕಡೆ ಹೋಂಸ್ಟೇಗೆ ಹೋದರೆ ಮೊದಲು ಅಲ್ಲಿನವರನ್ನು ಕೇಳಿ: ಹತ್ತಿರದಲ್ಲಿ ಮಂಗ ಸತ್ತಿದೆಯಾ? ಹೌದೆಂದರೆ ಕಾಡಿನ ದಾರಿ ಬೇಡ. ಸತ್ತ ಮಂಗವನ್ನು ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಮೈ ತುಂಬ ಬಟ್ಟೆ ಹಾಕಿ. ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆ ಸಿಕ್ಕರೆ ಕೈಕಾಲಿಗೆ ಸವರಿ. ದರಗಿನ ಮೇಲೆ ಕೂತು ಬುತ್ತಿ ಬಿಚ್ಚಬೇಡಿ. ಮನೆಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಆಮೇಲೆ ಎಂಟು ದಿನದೊಳಗೆ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಮಾತ್ರೆ ನುಂಗಿ ಕಾಯಬೇಡಿ. ಡಾಕ್ಟರಿಗೆ ಕಾಡಿಗೆ ಹೋಗಿದ್ದನ್ನು ಹೇಳಿ.

ನೆಂಟರು ಬಂದರೆ

ಬರುತ್ತಾರೆ, ಅನುಮಾನವೇ ಬೇಡ. ಎಲ್ಲರೂ ಕೇಳುವುದು ಜೋಗ. ಮಳೆಗಾಲದ ಜೋಗ ಡಿಸೆಂಬರಿನಲ್ಲಿ ಇರುವುದಿಲ್ಲ, ನೀರು ತೆಳ್ಳಗಿರುತ್ತದೆ. ಮೊದಲೇ ಹೇಳಿಬಿಡಿ. ಅದರ ಬದಲು ಶಿವಮೊಗ್ಗದಿಂದ ಸುಮಾರು 14 ಕಿಲೋಮೀಟರ್ ದೂರದ ಸಕ್ರೆಬೈಲಿನ ಆನೆ ಬಿಡಾರಕ್ಕೆ ಕರೆದೊಯ್ಯಿರಿ. ಆನೆಗಳು ತುಂಗೆಯ ಹಿನ್ನೀರಿನಲ್ಲಿ ಮೀಯುವುದನ್ನು ನೋಡಬೇಕೆಂದರೆ ಬೆಳಿಗ್ಗೆ ಬೇಗ ಹೊರಡಬೇಕು, ಮಧ್ಯಾಹ್ನ ಹೋದರೆ ಏನೂ ಇರುವುದಿಲ್ಲ. ಸಿಗಂದೂರು ದೇವಸ್ಥಾನಕ್ಕೆ ಹೋಗುವವರು ಈಗ ಶರಾವತಿ ಹಿನ್ನೀರು ದಾಟಲು ಲಾಂಚ್ ಕಾಯಬೇಕಿಲ್ಲ, 2025ರ ಜುಲೈನಲ್ಲಿ ಸೇತುವೆ ತೆರೆದಿದೆ. ವರ್ಷಾಂತ್ಯಕ್ಕೆ ಹೋಂಸ್ಟೇ ಬೇಕೆಂದು ಡಿಸೆಂಬರ್ 20ಕ್ಕೆ ಫೋನ್ ಮಾಡಿದರೆ ಸಿಗುವುದು ಕಷ್ಟ.

ಎಲ್ಲದಕ್ಕೂ ಹೋಗಲು ಯಾರಿಂದಲೂ ಆಗುವುದಿಲ್ಲ. ಇಲ್ಲಿನವರೇ ಹೋಗುವುದಿಲ್ಲ. "ಕೊಯ್ಲು ಮಾರಾಯ್ರೆ, ಬರೋಕಾಗ್ಲಿಲ್ಲ" ಎಂದರೆ ಈ ಊರಿನಲ್ಲಿ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ನಿಮಗೆ ಕೊಯ್ಲು ಇಲ್ಲದಿದ್ದರೆ ಮಕ್ಕಳ ಪ್ರಾಕ್ಟೀಸ್ ಎನ್ನಿ, ಅದೂ ನಡೆಯುತ್ತದೆ.

ಸಂಘದ ಟ್ರಂಕ್ ಭಾನುವಾರ ಸಂಜೆ ತೆರೆದಿರುತ್ತದೆ. ತೆಗೆದುಕೊಂಡು ಹೋದ ಬಟ್ಟೆಯ ಪಟ್ಟಿಯಲ್ಲಿ ಹೆಸರು, ಮಗುವಿನ ಶಾಲೆ ಬರೆಸಿ. ಜನವರಿ ಮೊದಲ ವಾರದೊಳಗೆ ವಾಪಸ್ ತನ್ನಿ, ಗಣರಾಜ್ಯೋತ್ಸವದ ಮೆರವಣಿಗೆಗೆ ಅದೇ ಕಚ್ಚೆಗಳನ್ನು ಕೇಳಿಕೊಂಡು ಬೇರೆಯವರು ಬರುತ್ತಾರೆ.