ನಾಯಿ ಕಚ್ಚಿದರೆ ಮೊದಲು ನಲ್ಲಿ, ಆಮೇಲೆ ಆಸ್ಪತ್ರೆ

ನಮ್ಮ ಬೀದಿಯ ಎಂಟು ವರ್ಷದ ಹುಡುಗನಿಗೆ ನಾಯಿ ಕಚ್ಚಿತ್ತು. ನಾನು ಹೋಗುವಷ್ಟರಲ್ಲಿ ಮೀನಖಂಡಕ್ಕೆ ಅರಿಶಿನ, ಸುಣ್ಣ ಮೆತ್ತಿ, ಬಿಗಿಯಾಗಿ ಬಟ್ಟೆ ಕಟ್ಟಿಯಾಗಿತ್ತು. ಒಣಗಿ ಅಂಟಿಕೊಂಡಿದ್ದ ಸುಣ್ಣವನ್ನು ಬಿಡಿಸುವಾಗ ಅವನು ಅತ್ತದ್ದು ಇನ್ನೂ ಕಿವಿಯಲ್ಲಿದೆ.

ಮೊದಲ ಕೆಲಸ ತೊಳೆಯುವುದು. ಜಾಸ್ತಿ ಜನ ಎಡವುವುದು ಇಲ್ಲೇ. ಗಾಯವನ್ನು ನಲ್ಲಿಯ ಕೆಳಗೆ ಹಿಡಿದು, ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿಕೊಂಡೇ ತೊಳೆಯಿರಿ. ಅಂದಾಜಿಗೆ ಬಿಟ್ಟರೆ ಎರಡೇ ನಿಮಿಷಕ್ಕೆ ಸಾಕು ಅನ್ನಿಸುತ್ತದೆ. ನಲ್ಲಿ ಇಲ್ಲವೇ? ಒಬ್ಬರು ಚೊಂಬಿನಲ್ಲಿ ಸುರಿಯುತ್ತಿರಲಿ. ಬಟ್ಟೆ ಸೋಪಾದರೂ ಸರಿ. ಹಲ್ಲು ಇಳಿದ ತೂತಿನೊಳಗೂ ನೀರು ಹೋಗಬೇಕು.

ಇಷ್ಟು ಹಟ ಯಾಕೆ ಅಂದರೆ, ರೇಬೀಸ್ (ಹುಚ್ಚುನಾಯಿ ರೋಗ) ವೈರಸ್ಸಿನ ಮೈಮೇಲೆ ಕೊಬ್ಬಿನ ಹೊದಿಕೆ ಇದೆ. ಸೋಪು ಅದನ್ನು ಕರಗಿಸಿದರೆ ವೈರಸ್ ಅಲ್ಲೇ ಸಾಯುತ್ತದೆ. ಉಳಿದುಕೊಂಡದ್ದು ನರದೊಳಗೆ ನುಸುಳಿ ಮೆದುಳಿನ ಕಡೆ ಹೊರಡುತ್ತದೆ. ನಮ್ಮ ಬಿಳಿ ರಕ್ತಕಣಗಳು ಕಾವಲು ತಿರುಗುವುದು ರಕ್ತದಲ್ಲಿ, ದುಗ್ಧಗ್ರಂಥಿಗಳಲ್ಲಿ. ನರದೊಳಗೆ ಸೇರಿದ ವೈರಸ್ ಅವುಗಳ ಕಣ್ಣಿಗೆ ಬೀಳುವುದೇ ಕಷ್ಟ. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿ ಉಳಿದವರು ತೀರಾ ಅಪರೂಪ.

ಖಾರದ ಪುಡಿ, ಸೀಮೆಎಣ್ಣೆ, ಎಕ್ಕದ ಹಾಲು ಯಾವುದೂ ಬೇಡ. ಗಾಯ ಕೆರಳುತ್ತದೆ ಅಷ್ಟೇ. ತೊಳೆದ ಮೇಲೆ ಪೊವಿಡೋನ್ ಅಯೋಡಿನ್ ಎಂಬ ಕ್ರಿಮಿನಾಶಕ ಔಷಧಿ ಹಚ್ಚಿ, ಕಟ್ಟದೆ ಹಾಗೇ ಬಿಡಿ.

ಅದೇ ದಿನ ಆಸ್ಪತ್ರೆಗೆ ಹೋಗಿ. ಬೆಕ್ಕು, ಕೋತಿ ಕಚ್ಚಿದರೂ ಇದೇ ಮಾತು. ರಕ್ತ ಬಂದಿದ್ದರೆ ಎರಡು ಬೇರೆ ಬೇರೆ ಔಷಧಿ ಬೇಕು. ಒಂದು ಲಸಿಕೆ. ವೈರಸ್ ಹೇಗಿರುತ್ತದೆ ಎಂದು ಅದು ದೇಹಕ್ಕೆ ತೋರಿಸುತ್ತದೆ. ದೇಹ ಅದನ್ನು ಗುರುತು ಹಿಡಿದು ಪ್ರತಿಕಾಯ, ಅಂದರೆ ವೈರಸ್ಸನ್ನು ತಡೆಯುವ ಪ್ರೋಟೀನು, ತಯಾರಿಸಲು 7ರಿಂದ 14 ದಿನ ಹಿಡಿಯುತ್ತದೆ. ಅಲ್ಲಿಯವರೆಗೆ ಕಾಯುವವರು ಯಾರು? ಅದಕ್ಕೇ ಎರಡನೆಯದು, ಇಮ್ಯುನೊಗ್ಲಾಬ್ಯುಲಿನ್. ಅದು ಸಿದ್ಧ ಪ್ರತಿಕಾಯ. ಅದನ್ನು ಗಾಯದ ಒಳಗೇ, ಸುತ್ತಲೂ ಚುಚ್ಚುತ್ತಾರೆ. ನೋವಾಗುತ್ತದೆ, ಮಗುವಿನ ಕೈ ಹಿಡಿದುಕೊಳ್ಳಿ. ಈ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಕೊಡದಿದ್ದರೆ ಬಾಯಿಬಿಟ್ಟು ಕೇಳಿ. ಮೊದಲ ದಿನ ಸಿಗದಿದ್ದರೆ, ಲಸಿಕೆಯ ಮೊದಲ ಡೋಸಿನಿಂದ 7 ದಿನದೊಳಗೆ ಹಾಕಿಸಬಹುದು. ಹೊಲಿಗೆ ಬೇಕೇಬೇಕಾದರೆ ಇದಾದ ಮೇಲೆಯೇ.

‘ಇಮ್ಯುನಿಟಿ’ ಹೆಚ್ಚಿಸುತ್ತೇವೆ ಎನ್ನುವ ಪುಡಿ, ಕಷಾಯಗಳಿಗೆ ದುಡ್ಡು ಸುರಿಯಬೇಡಿ. ಈ ವೈರಸ್ಸಿನ ಗುರುತನ್ನು ದೇಹಕ್ಕೆ ಹೇಳಿಕೊಡುವ ಶಕ್ತಿ ಅವಕ್ಕಿಲ್ಲ.

ಉಳಿದದ್ದು ಸುಲಭ. ಸ್ನಾಯುವಿಗೆ ಕೊಡುವ ಲಸಿಕೆ 0, 3, 7, 14, 28ನೇ ದಿನ. 0 ಅಂದರೆ ಮೊದಲ ಡೋಸಿನ ದಿನ. ಚರ್ಮದೊಳಗೆ ಕೊಡುವುದಾದರೆ 0, 3, 7, 28. ದೊಡ್ಡವರಿಗೆ ತೋಳಿಗೆ, ಪುಟ್ಟ ಮಕ್ಕಳಿಗೆ ತೊಡೆಗೆ. ಪೃಷ್ಠಕ್ಕೆ ಮಾತ್ರ ಬೇಡ. ಹೊಟ್ಟೆಗೆ ಚುಚ್ಚುತ್ತಾರೆಂದು ಹೆದರುವವರು ಈಗಲೂ ಇದ್ದಾರೆ. ಆ ಹಳೆಯ ಲಸಿಕೆಯ ತಯಾರಿಕೆ ನಮ್ಮ ದೇಶದಲ್ಲಿ 2004ರಲ್ಲೇ ನಿಂತಿದೆ. ಗರ್ಭಿಣಿಯರೂ ಹಾಕಿಸಿಕೊಳ್ಳಬಹುದು. ನಾಯಿ ಆರಾಮಾಗಿ ಓಡಾಡುತ್ತಿದೆ ಎಂದು ಮೊದಲ ಡೋಸನ್ನು ಮುಂದೂಡಬೇಡಿ.

ಲಸಿಕೆಯ ಕಾರ್ಡು ಎಸೆಯಬೇಡಿ. ಎಲ್ಲ ಡೋಸ್ ಮುಗಿಸಿದ್ದರೆ, ಮುಂದೆ ಮತ್ತೆ ಕಚ್ಚಿದಾಗ 0 ಮತ್ತು 3ನೇ ದಿನದ ಎರಡೇ ಡೋಸ್ ಸಾಕು, ಇಮ್ಯುನೊಗ್ಲಾಬ್ಯುಲಿನ್ ಬೇಡ. ಹಿಂದಿನ ಲಸಿಕೆಯಿಂದ ವೈರಸ್ಸಿನ ಗುರುತು ನೆನಪಿಟ್ಟುಕೊಂಡ ರಕ್ತಕಣಗಳು ಕೆಲವೇ ದಿನಗಳಲ್ಲಿ ಪ್ರತಿಕಾಯ ತಯಾರಿಸುತ್ತವೆ. ಆ ಹುಡುಗನ ಕಾರ್ಡನ್ನು ಅವನಮ್ಮ ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿದ್ದಾರೆ.