ಹಗಲಿಗೆ ಇಳಿದು ರಾತ್ರಿಗೆ ಏರುವ ಹಳ್ಳ: ನನ್ನ ಲಾಗರ್ ಅನುಭವ

ನೀರಿನ ಮಟ್ಟವನ್ನು ತಾನಾಗಿ ಅಳೆದು ಬರೆದಿಡುವ ಸಾಧನ ಲಾಗರ್. ಹೋದ ತಿಂಗಳು ಹಳ್ಳದಿಂದ ಎತ್ತಿದ ನನ್ನ ಲಾಗರ್‌ನಲ್ಲಿ ಹದಿಮೂರು ತಿಂಗಳ ಡೇಟಾ ಇತ್ತು. 15 ನಿಮಿಷಕ್ಕೊಂದು ರೀಡಿಂಗ್, ಒಟ್ಟು 37–38 ಸಾವಿರ ಸಾಲು. ತಪ್ಪಿದ್ದು ಎರಡೇ ದಿನ, ಅದೂ ಎಸ್‌ಡಿ ಕಾರ್ಡಿನ ಕಾಂಟ್ಯಾಕ್ಟ್ ತುಕ್ಕು ಹಿಡಿದು. "ಮನೆಯಲ್ಲಿ ಬೆಸುಗೆ ಹಾಕಿದ್ದು ಒಂದು ಮಳೆಗಾಲ ತಡೆಯಲ್ಲ" ಅಂದವರಿಗೆಲ್ಲ ಆ ಫೈಲ್ ಕಳಿಸಿದ್ದೇನೆ.

ಹತ್ತು ವರ್ಷ ಕಾರ್ಖಾನೆಗಳಿಗೆ ಕಂಟ್ರೋಲ್ ಬೋರ್ಡ್ ಮಾಡಿದವನು ನಾನು. ರಜೆ ಸಿಕ್ಕರೆ ಬೆಟ್ಟ, ಕಾಡು. ಒಂದೇ ಹಳ್ಳದ ದಂಡೆಯಲ್ಲಿ ಎಷ್ಟೋ ಸಲ ಕೂತ ಮೇಲೆ, ಮಳೆ ನಿಂತು ತಿಂಗಳಾದರೂ ಈ ನೀರು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ ತಲೆಗೆ ಹತ್ತಿಕೊಂಡಿತು. ಮೊದಲು ಮಟ್ಟ ಅಳೆಯೋಣ ಅಂದುಕೊಂಡೆ.

ಮೊದಲ ವರ್ಷ ಅಲ್ಟ್ರಾಸಾನಿಕ್, ಅಂದರೆ ಮೇಲಿನಿಂದ ಶಬ್ದ ಕಳಿಸಿ, ನೀರಿಗೆ ಬಡಿದು ಮರಳುವ ಸಮಯದಿಂದ ಅಂತರ ಅಳೆಯುವ ಸೆನ್ಸರ್. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶಬ್ದದ ವೇಗ ಸೆಕೆಂಡಿಗೆ 0.6 ಮೀಟರ್ ಹೆಚ್ಚುತ್ತದೆ. ಹಗಲು ರಾತ್ರಿಗೆ 15 ಡಿಗ್ರಿ ವ್ಯತ್ಯಾಸವಿದ್ದರೆ ಎರಡು ಮೀಟರ್ ಅಂತರಕ್ಕೆ ಐದು ಸೆಂಟಿಮೀಟರ್ ಸುಳ್ಳು. ತಾಪಮಾನದ ಸೆನ್ಸರ್ ಸೇರಿಸಿ ಅದನ್ನು ಸರಿ ಮಾಡಿದೆ. ಜೇಡಕ್ಕೆ ಮಾತ್ರ ಪರಿಹಾರ ಸಿಗಲಿಲ್ಲ, ಸೆನ್ಸರ್ ಬಾಯಿಗೇ ಬಲೆ. ವೈರಿನ ತೂತಿನಿಂದ ನುಗ್ಗಿದ ಇರುವೆಗಳು ಡಬ್ಬಿಯೊಳಗೆ ಮೊಟ್ಟೆ ಇಟ್ಟವು. ಕೊನೆಗೊಂದು ದೊಡ್ಡ ಪ್ರವಾಹ ಕಂಬ ಸಮೇತ ಎಲ್ಲವನ್ನೂ ಒಯ್ದಿತು. ಒಂದೂವರೆ ತಿಂಗಳ ಸಂಬಳ ಅದರ ಜೊತೆ ಹೋಯಿತು.

ಎರಡನೇ ವರ್ಷ ಪ್ರೆಶರ್ ಸೆನ್ಸರ್, ನೀರಿನಡಿ ಕೂತು ಮೇಲಿನ ಒತ್ತಡದಿಂದ ಆಳ ಹೇಳುವುದು. ಅವಸರದಲ್ಲಿ ತರಿಸಿದ್ದು 14 ಬಾರ್‌ನದ್ದು. ಎದೆಮಟ್ಟ ನೀರೂ ಇಲ್ಲದ ಹಳ್ಳಕ್ಕೆ ನೂರಮೂವತ್ತು ಮೀಟರ್ ಆಳ ಅಳೆಯುವ ಸೆನ್ಸರ್! ಮಿಲಿಮೀಟರ್ ಮಟ್ಟದ ನಿಖರತೆ ಬೇಕಾದವರು ಕಡಿಮೆ ರೇಂಜಿನದನ್ನೇ ಕೊಳ್ಳಿ. ಬದಲಾಯಿಸಿದ ಮೇಲೆ ವಿಚಿತ್ರ ಕಂಡಿತು. ಹಳ್ಳ ದಿನಕ್ಕೆ ಎರಡು ಸಲ, ಬೆಳಿಗ್ಗೆ ಹತ್ತು ಮತ್ತು ರಾತ್ರಿ ಹತ್ತರ ಸುಮಾರಿಗೆ, ಎರಡು ಮೂರು ಸೆಂಟಿಮೀಟರ್ ಏರುತ್ತಿತ್ತು. ಹೊಸದೇನನ್ನೋ ಕಂಡುಹಿಡಿದೆ ಎಂದು ಎರಡು ವಾರ ನಿದ್ದೆಗೆಟ್ಟೆ. ಪರಿಚಯದ ಸಂಶೋಧಕರೊಬ್ಬರು ಗ್ರಾಫ್ ನೋಡಿ, "ಇದು ನೀರಲ್ಲ, ಗಾಳಿ" ಅಂದರು. ಸೆನ್ಸರ್ ನೀರಿನ ಜೊತೆ ಮೇಲಿನ ಗಾಳಿಯ ಒತ್ತಡವನ್ನೂ ಓದುತ್ತದೆ, ಆ ವಾತಾವರಣದ ಒತ್ತಡಕ್ಕೇ ದಿನಕ್ಕೆರಡು ಉಬ್ಬರ ಇದೆ. ಒಂದು ಮಿಲಿಬಾರ್ ಅಂದರೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ನೀರು.

ಗಾಳಿಯ ಒತ್ತಡಕ್ಕೆ ಇನ್ನೊಂದು ಸೆನ್ಸರ್ ಇಟ್ಟು ಕಳೆದೆ. ಬಿಸಿಲಿಗಿಟ್ಟಾಗ ಅದು ಬಿಸಿಯಾಗಿ ಅಡ್ಡಾದಿಡ್ಡಿ ಓದಿತು. ಮರದ ನೆರಳಿಗೆ ಒಯ್ದ ಮೇಲೆ ಎರಡೂ ಉಬ್ಬರ ಮಾಯ. ಆದರೆ ಮಳೆಯಿಲ್ಲದ ವಾರಗಳಲ್ಲಿ ಒಂದು ಸಣ್ಣ ಇಳಿತ ಹಾಗೇ ಉಳಿಯಿತು. ಹೊತ್ತೇರಿದಂತೆ ಮಟ್ಟ ಕುಸಿದು, ಸಂಜೆಗೆ ಆರೆಂಟು ಮಿಲಿಮೀಟರ್ ಕಡಿಮೆಯಾಗಿ, ಬೆಳಗಾಗುವಷ್ಟರಲ್ಲಿ ಮತ್ತೆ ತುಂಬಿಕೊಳ್ಳುತ್ತಿತ್ತು. ಮೋಡ ಕವಿದ ದಿನ ಇಳಿತವೇ ಇಲ್ಲ. ದಂಡೆಯ ಮರಗಳು ಹಗಲು ನೀರು ಕುಡಿಯುತ್ತಿದ್ದವು! ಅಮೆರಿಕದ ವೈಟ್ ಎಂಬ ವಿಜ್ಞಾನಿ ಅಂತರ್ಜಲದ ಇಂಥದೇ ಏರಿಳಿತದಿಂದ ಗಿಡಗಳ ನೀರಿನ ಬಳಕೆ ಲೆಕ್ಕ ಹಾಕುವ ವಿಧಾನವನ್ನು 1932ರಲ್ಲೇ ಪ್ರಕಟಿಸಿದ್ದರು ಎಂದು ಆಮೇಲೆ ಓದಿದೆ. ಹೊಸತಲ್ಲದಿದ್ದರೇನು, ನಾನೇ ಕಟ್ಟಿದ ಬೋರ್ಡ್ ಕಾಡಿನ ಬಾಯಾರಿಕೆಯನ್ನು ಕಂಡಿತ್ತು. ಕೆಲಸ ಬಿಟ್ಟು ಸಂಶೋಧನೆಗೆ ಸೇರಿದ್ದು ಅದಾಗಿ ಐದು ತಿಂಗಳಿಗೆ, ಮೂರರಲ್ಲೊಂದು ಪಾಲು ಸಂಬಳಕ್ಕೆ. ಮನೆಯವರನ್ನು ಒಪ್ಪಿಸಲು ಲಾಗರ್ ಕಟ್ಟಿದ್ದಕ್ಕಿಂತ ಹೆಚ್ಚು ಸಮಯ ಹಿಡಿಯಿತು.

ಈಗಿನದು ಮೂರನೆಯದು. ಬ್ಯಾಟರಿ ಉಳಿಸಲು ವೋಲ್ಟೇಜ್ ರೆಗ್ಯುಲೇಟರ್, ಎಲ್‌ಇಡಿ ಎರಡನ್ನೂ ಕಿತ್ತಿದ್ದೇನೆ, ಡಿಎಸ್3231 ಎಂಬ ಗಡಿಯಾರದ ಚಿಪ್ ಅಲಾರಂ ಹೊಡೆದಾಗ ಮಾತ್ರ ಬೋರ್ಡ್ ಏಳುತ್ತದೆ, ಮೂರು ಎಎ ಸೆಲ್ ವರ್ಷಕ್ಕೆ ಸಾಕು. ಖರ್ಚು ಸಿದ್ಧ ಲಾಗರ್‌ನ ಎಂಟನೇ ಒಂದು ಭಾಗವೂ ಇಲ್ಲ, ಹಾಳಾದ ಎರಡನ್ನು ಸೇರಿಸಿದರೆ ಅರ್ಧ. ಕೇಬಲ್ ಜಾಯಿಂಟ್ ಮುಚ್ಚಿದ್ದು ಎಪಾಕ್ಸಿ ಅಂಟಿನಿಂದಲ್ಲ. ಏನು ಬಳಸಿದೆ ಎಂಬುದನ್ನು ಇನ್ನೊಂದು ಮಳೆಗಾಲ ಗೆದ್ದ ಮೇಲೆ ಹೇಳುತ್ತೇನೆ.

ನಡುವೆ ಉಪ್ಪಿನ ಪ್ರಯೋಗವೂ ನಡೆಯಿತು. ಮಟ್ಟದಿಂದ ಹರಿವು, ಅಂದರೆ ಸೆಕೆಂಡಿಗೆ ಎಷ್ಟು ನೀರು ಹೋಗುತ್ತದೆ ಎಂಬುದು, ಸಿಗಬೇಕಲ್ಲ. ಎರಡು ಕಿಲೋ ಉಪ್ಪು ಕರಗಿಸಿ ಮೇಲೆ ಸುರಿದು, ಕೆಳಗೆ ಕಂಡಕ್ಟಿವಿಟಿ (ನೀರು ಎಷ್ಟು ವಿದ್ಯುತ್ ಹರಿಸುತ್ತದೆ ಎಂಬುದು) ಅಳೆಯುವುದು. ಉಪ್ಪು ತೆಳುವಾದಷ್ಟೂ ಹರಿವು ಹೆಚ್ಚು. ಮೊದಲ ಸಲ ತೀರಾ ಹತ್ತಿರ ಸುರಿದೆ, ಸರಿಯಾಗಿ ಬೆರೆಯಲಿಲ್ಲ, ಎಡದಂಡೆಗೊಂದು ಬಲದಂಡೆಗೊಂದು ಉತ್ತರ ಬಂತು. ಐವತ್ತು ಹೆಜ್ಜೆ ಮೇಲೆ ಹೋದಾಗ ಕೂಡಿಬಂತು. ಈಗ ಮಟ್ಟಕ್ಕೆ ಹರಿವು ಹೊಂದಿಸುವ ಗ್ರಾಫಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಬಿಂದುಗಳಿವೆ, ತುಂಬಿ ಹರಿಯುವಾಗಿನವು ಮಾತ್ರ ಮೂರೇ. ಅಂಥ ಮಳೆ ಬೀಳುವುದು ನಡುರಾತ್ರಿ, ಒಬ್ಬನೇ ನೀರಿಗಿಳಿಯುವ ಹಾಗಿಲ್ಲ.

ಮುಂದಿನ ವಾರ ಇನ್ನೊಂದು ಲಾಗರ್ ಹಳ್ಳದ ಮೇಲ್ಭಾಗಕ್ಕೆ ಹೋಗುತ್ತದೆ. ಅಲ್ಲಿ ಮರ ಕಡಿಮೆ, ಬರೀ ಹುಲ್ಲು. ಹಗಲಿನ ಇಳಿತ ಅಲ್ಲೂ ಕಾಣುತ್ತದೆಯೋ ನೋಡಬೇಕು.